ಟಕ್ ಟಕ್ ಅನ್ನೋ ಚಕ್ರ

ಕೆಂಭಾವಿಯ ಜಲ್ಲಿ ರೋಡಿನ್ಯಾಗ ಸ್ಕೇಟ್‌ಬೋರ್ಡ್ ಗಡಗಡ ಅಂದ್ರ ಸಹಜ. ಒಂದೇ ಚಕ್ರ ಟಕ್ ಟಕ್ ಅಂದ್ರ ನಿಲ್ರಿ. ಅದರ ಬೇರಿಂಗ್ ತೆಗೆದು ಬ್ಯಾರೆ ಚಕ್ರಕ್ಕ ಹಾಕಿ ನೋಡ್ರಿ. ಸಪ್ಪಳ ಬೇರಿಂಗ್ ಬೆನ್ನತ್ತಿ ಹೋತಂದ್ರ ಚಕ್ರದ ತಪ್ಪಿಲ್ಲ.

ಚಕ್ರದಾಗೇ ಉಳೀತೇನು? ಉಗುರು ಆಡಿಸ್ರಿ. ನಡುವಿನ ಗಟ್ಟಿ ಪ್ಲಾಸ್ಟಿಕ್ಕಿನಿಂದ ಯೂರಿಥೇನ್ ಬಿಟ್ಟಿದ್ರ, ಒಳಗ ಗುಳ್ಳಿ ಕಂಡ್ರ, ಅದು ತಯಾರಿಕೆ ದೋಷ. ಅಡ್ಡ ಜಾರಿಸಿ ಚಪ್ಪಟ್ಟಾಗಿದ್ರ ಸವಕಳಿ. ಅದಕ್ಕ ವಾರಂಟಿ ಕೇಳಿದ್ರ ಅಂಗಡಿಯವ್ರು ನಗ್ತಾರ, ನಗೂದೂ ಖರೇನ.

ತಯಾರಿಕೆ ದೋಷ ಇದ್ರ ವಿಡಿಯೊ ಮಾಡಿ ಬಿಲ್ ಜೊತಿ ಮಾರಿದವ್ರಿಗೆ ಕಳಸ್ರಿ, ಚಕ್ರ ಎಸೀಬ್ಯಾಡ್ರಿ. ಒಪ್ಪಲಿಲ್ಲಂದ್ರ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ರಿ, ಕನ್ನಡದಾಗೂ ಮಾತಾಡ್ತಾರ. ಮಾರಿದವ ದಿಲ್ಲಿಯಾಗಿದ್ರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯಾಗೇ ದೂರು ಕೊಡಬಹುದು, 2 ವರ್ಷದೊಳಗ.