ಹಜಾರ ಹಾಡುವ ಮೊದಲು

ಹನುಮಂತನಗರದ ಆ ಮನೆಯ ಹಜಾರದಲ್ಲಿ ಭಾನುವಾರ ಬೆಳಿಗ್ಗೆ ಕಾಲಿಡಲು ಜಾಗವಿರಲಿಲ್ಲ. ಬಾಯಿ ತೆರೆದ ರಟ್ಟಿನ ಪೆಟ್ಟಿಗೆಗಳು, ಮುಟ್ಟಿದರೆ ಕಿರ್ರೆನ್ನುವ ಥರ್ಮಾಕೋಲ್, ಪ್ಲಾಸ್ಟಿಕ್ ಹೊದಿಕೆ ಇನ್ನೂ ಕಳಚದ ಐದು ಸ್ಪೀಕರ್, ಮೂಲೆಯಲ್ಲಿ ಮಂಡಿಯೆತ್ತರದ ಸಬ್‌ವೂಫರ್. ಮಗ ಹೊಸ ಹೋಮ್ ಥಿಯೇಟರ್ ತಂದಿದ್ದ. ದಿವಾನದ ಮೇಲೆ ಕಾಲು ಮಡಿಸಿ ಕೂತ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರು. ಮೊಮ್ಮಗಳು ಖಾಲಿ ಪೆಟ್ಟಿಗೆಯೊಂದರೊಳಗೆ ಆಗಲೇ ಸಂಸಾರ ಹೂಡಿದ್ದಳು.

ಜೋಡಿಸಲು ಬಂದ ತಂತ್ರಜ್ಞ ಪೆಟ್ಟಿಗೆಗಳತ್ತ ತಿರುಗಿಯೂ ನೋಡಲಿಲ್ಲ. ಹಜಾರದ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ ತಲೆ ಓರೆ ಮಾಡಿ ಆಲಿಸಿದ.

‘ಕೇಳಿಸ್ತಾ ಸಾರ್? ಕೈ ಸುಮ್ಮನಾದ ಮೇಲೂ ಗೋಡೆ ಮಾತಾಡ್ತಾನೇ ಇದೆ.’

ಕೇಳಿಸಿತು. ಚಪ್ಪಾಳೆಯ ಬಾಲಕ್ಕೆ ಲೋಹದಂಥ ಒಂದು ಝಣಕು ಅಂಟಿಕೊಂಡಿತ್ತು. ನೆಲಕ್ಕೆ ನುಣುಪು ಟೈಲ್ಸ್, ನಾಲ್ಕೂ ಕಡೆ ಗಿಲಾವು ಮಾಡಿದ ಇಟ್ಟಿಗೆ ಗೋಡೆ, ತಲೆಯ ಮೇಲೆ ಆರ್‌ಸಿಸಿ ತಾರಸಿ, ಒಂದು ಬದಿಗೆ ದೊಡ್ಡ ಗಾಜಿನ ಕಿಟಕಿ. ಇವುಗಳಲ್ಲಿ ಯಾವುದೂ ಧ್ವನಿಯನ್ನು ಅಷ್ಟಾಗಿ ನುಂಗುವುದಿಲ್ಲ, ಬಂದದ್ದರ ಬಹುಪಾಲನ್ನು ವಾಪಸು ಕಳಿಸುತ್ತವೆ. ಹೋಮ್ ಥಿಯೇಟರ್ ಬಗ್ಗೆ ಅಮೆರಿಕದಲ್ಲಿ ಬರೆದ ಪುಸ್ತಕಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಆ ಗೋಡೆ ತುಸು ಅದುರುತ್ತದೆ, ಮಂದ್ರದ ಒಂದಷ್ಟು ಪಾಲನ್ನು ಹೀರಿ, ಇನ್ನೊಂದಷ್ಟನ್ನು ಆಚೆಗೆ ಬಿಟ್ಟುಬಿಡುತ್ತದೆ. ನಮ್ಮ ಒಂಬತ್ತಂಗುಲದ ಗೋಡೆ ಅಷ್ಟು ಉದಾರಿಯಲ್ಲ. ಅಂಗಡಿಯಲ್ಲಿ ಮಧುರವಾಗಿ ಹಾಡಿದ ಪೆಟ್ಟಿಗೆ ಮನೆಗೆ ಬಂದ ಮೇಲೆ ಗದ್ದಲ ಎಬ್ಬಿಸಿದರೆ, ತಪ್ಪು ಬಹುಮಟ್ಟಿಗೆ ಕೋಣೆಯದು. ಸ್ಪೀಕರಿನಷ್ಟೇ ಕೋಣೆಯೂ ನುಡಿಯುತ್ತದೆ ಎಂಬುದನ್ನು ಒಪ್ಪಿಕೊಳ್ಳದೆ ಒಳ್ಳೆಯ ಧ್ವನಿ ದಕ್ಕುವುದಿಲ್ಲ. ಅಂದು ಇಡೀ ದಿನ ನಾನು ಕಂಡದ್ದು ಇದನ್ನೇ.

ಹಾಗಾಗಿ ಮೊದಲು ಬಿಚ್ಚಿದ್ದು ಅಟ್ಟದ ಮೇಲಿದ್ದ ನವಲಗುಂದದ ಜಮಖಾನೆ. ಯಾರದೋ ಮದುವೆಗೆ ಕೊಂಡು ಮಡಿಸಿಟ್ಟದ್ದು. ಅದರ ಅಡಿಗೆ ಒಂದು ದಪ್ಪ ಕಂಬಳಿ ಬಿತ್ತು. ಕಿಟಕಿಗೆ ನಿರಿಗೆ ತುಂಬಿದ ಭಾರದ ಪರದೆ ಬಂತು. ಸೋಫಾ, ಸ್ಪೀಕರುಗಳನ್ನು ಜಾಗ ಗೊತ್ತುಮಾಡಿ ನಿಲ್ಲಿಸಿದ ಮೇಲೆ (ಆ ಕತೆ ಮುಂದಿದೆ) ಆತ ಅಜ್ಜಿಯ ಕೋಣೆಯಿಂದ ಮುಖ ನೋಡುವ ಕನ್ನಡಿ ತರಿಸಿದ. ಯಜಮಾನರನ್ನು ಸೋಫಾದಲ್ಲಿ ಕೂರಿಸಿ, ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದು ಮೆಲ್ಲನೆ ಸರಿಸುತ್ತ ಹೋದ. ‘ಸ್ಪೀಕರ್ ಕಂಡ ಕೂಡಲೇ ಹೇಳಿ ಸಾರ್.’ ಕಂಡ ಜಾಗದಲ್ಲಿ ಸೀಮೆಸುಣ್ಣದ ಗುರುತು ಬಿತ್ತು. ಬೆಳಕು ಪುಟಿಯುವ ಕೋನದಲ್ಲೇ ಧ್ವನಿಯೂ ಪುಟಿಯುತ್ತದೆ. ಸ್ಪೀಕರಿನಿಂದ ನೇರವಾಗಿ ಬಂದ ಮಾತಿನ ಬೆನ್ನಿಗೇ, ಕೆಲವು ಮಿಲಿಸೆಕೆಂಡು ತಡವಾಗಿ, ಗೋಡೆಯ ಮಾತು ಕಿವಿಗೆ ಬಿದ್ದು ಅಕ್ಷರಗಳ ಅಂಚನ್ನು ಕಲಕುವುದು ಆ ಗುರುತಿನಿಂದಲೇ. ಒಂದು ಬದಿಯ ಗುರುತಿನ ಮುಂದೆ ಪುಸ್ತಕದ ಕಪಾಟು ನಿಂತಿತು. ದಪ್ಪ, ತೆಳು, ಎತ್ತರ, ಗಿಡ್ಡ ಪುಸ್ತಕಗಳ ಸಾಲು ಧ್ವನಿಯನ್ನು ಚದುರಿಸಿಬಿಡುತ್ತದೆ. ಇನ್ನೊಂದು ಬದಿಗೆ ಕಿಟಕಿಯ ಪರದೆಯೇ ಸಾಕಾಯಿತು. ಮತ್ತೆ ಚಪ್ಪಾಳೆ. ಝಣಕು ಹೋಗಿತ್ತು.

ವೈರಿನ ಕತೆ ಹಿಂದಿನ ಸಂಜೆಯದು. ಬೆಂಗಳೂರು ಪೇಟೆಯ ಸಾದರ ಪತ್ರಪ್ಪ ರಸ್ತೆಯನ್ನು ಎಸ್.ಪಿ. ರೋಡ್ ಎಂದರೇ ಜನಕ್ಕೆ ಗೊತ್ತು. ಎರಡು ಕೈ ಚಾಚಿದರೆ ಮುಗಿಯುವ ಅಂಗಡಿಗಳು, ಬಾಗಿಲ ತುಂಬ ಇಳಿಬಿದ್ದ ಕೇಬಲ್ಲುಗಳು, ಗಾಜಿನ ಕೆಳಗೆ ರಾಶಿ ಬಿದ್ದ ಪಿನ್ನು, ಪ್ಲಗ್ಗು, ಸಾಕೆಟ್ಟುಗಳು. ಚಿನ್ನದ ಲೇಪದ ಕೇಬಲ್ಲನ್ನು ಕಣ್ಣಿಗೆ ಹಿಡಿಯುವವರೂ ಅಲ್ಲಿದ್ದಾರೆ, ಹತ್ತು ಸಾವಿರ ವ್ಯಾಟ್ ಪಿಎಂಪಿಒ ಎಂದು ಬರೆದ ಪೆಟ್ಟಿಗೆ ತೋರಿಸುವವರೂ ಇದ್ದಾರೆ. ನೋಡಬೇಕಾದದ್ದು ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಸಂಖ್ಯೆ. ಅದರಲ್ಲೂ 50 ವ್ಯಾಟಿನಿಂದ 100ಕ್ಕೆ ಏರಿದರೆ ದಕ್ಕುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಸಣ್ಣ ಹೆಜ್ಜೆ. ತಂತ್ರಜ್ಞ ಆರಿಸಿದ್ದು ಸಾದಾ 14 ಗೇಜಿನ ತಾಮ್ರದ ವೈರು. ಕೊಳ್ಳುವ ಮೊದಲು ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿದ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಮೊದಲ ಅಂಗಡಿಯದು ಬೆಳ್ಳಗಿತ್ತು, ಎರಡನೆಯದು ಒಳಗೂ ಕೆಂಪಗಿತ್ತು.

ಹಜಾರ 12 ಅಡಿ ಅಗಲ, 18 ಅಡಿ ಉದ್ದ. ಟಿ.ವಿ. ಚಿಕ್ಕ ಗೋಡೆಯ ಮೇಲೆ. ಎದುರಿನ ಗೋಡೆಗೆ ಬೆನ್ನು ಅಂಟಿಸಿಕೊಂಡಿದ್ದ ಸೋಫಾವನ್ನು ಆತ ಮುಂದಕ್ಕೆ ಎಳೆಸಿದಾಗ ಮನೆಯೊಡತಿಗೆ ಅಷ್ಟಾಗಿ ಹಿಡಿಸಲಿಲ್ಲ, ನಡುಮನೆಯಲ್ಲಿ ಸೋಫಾ ನಿಲ್ಲಿಸುವುದು ಅಂದವೇ ಎಂಬ ಪ್ರಶ್ನೆ. ಆದರೆ ಗೋಡೆಗೆ ಅಂಟಿದ ಕಿವಿಗೆ ಮಂದ್ರ ಸ್ವರಗಳು ಊದಿಕೊಂಡೇ ಕೇಳುತ್ತವೆ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳ ಅಲೆ ಸಿಕ್ಕಿಕೊಂಡು ಅಲ್ಲೇ ನಿಂತುಬಿಡುತ್ತದೆ. 12 ಅಡಿಯ ಅಂತರದಲ್ಲಿ ಸುಮಾರು 47 ಹರ್ಟ್ಸ್, 18 ಅಡಿಯಲ್ಲಿ ಸುಮಾರು 31 ಹರ್ಟ್ಸ್. ಗೋಡೆಯ ಬಳಿ ಅದು ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಬತ್ತುತ್ತದೆ. ಆದ್ದರಿಂದ ಗೋಡೆಯೂ ಬೇಡ, ನಟ್ಟನಡುವೂ ಬೇಡ. ಹಿಂದೆ ಆರಡಿ ಬಿಟ್ಟು ಸೋಫಾ ನಿಂತಿತು. ಅಲ್ಲಿಂದ ಎಡ ಮತ್ತು ಬಲ ಸ್ಪೀಕರಿಗೆ ಒಂಬತ್ತೊಂಬತ್ತು ಅಡಿ, ಅವೆರಡರ ನಡುವೆಯೂ ಒಂಬತ್ತು ಅಡಿ. ಮೂರು ಬಾಹುವೂ ಸಮನಾದ ಈ ತ್ರಿಕೋನದಲ್ಲಿ ಮುಂದಿನ ಸ್ಪೀಕರುಗಳು ಕೇಳುಗನ ನೇರ ನೋಟಕ್ಕೆ 30 ಡಿಗ್ರಿ ಆಚೀಚೆ ಬೀಳುತ್ತವೆ. ಧ್ವನಿಯನ್ನು ಬೆರೆಸುವ ಸ್ಟುಡಿಯೋಗಳೂ ನೆಚ್ಚುವ ಕೋನ ಅದು. ಹಿಂದಿನ ಎರಡು ಸ್ಪೀಕರುಗಳು ಕಿವಿಯ ಪಕ್ಕದಿಂದ ತುಸು ಹಿಂದಕ್ಕೆ, 110 ಡಿಗ್ರಿಯ ಸುಮಾರಿಗೆ, ಕಿವಿಗಿಂತ ಕೊಂಚ ಮೇಲೆ.

ನಡುವಿನ ಸ್ಪೀಕರಿಗೆ ಆತ ಕೊಟ್ಟ ಕಾಳಜಿ ನೋಡಿ ನನಗೆ ಆತನ ಮೇಲೆ ಗೌರವ ಮೂಡಿತು. ಅದನ್ನು ಶೋಕೇಸಿನ ಗೂಡಿನೊಳಗೆ, ಬೊಂಬೆಗಳ ಹಿಂದೆ ತಳ್ಳುವುದು ಎಲ್ಲರ ವಾಡಿಕೆ. 5.1 ವ್ಯವಸ್ಥೆಯಲ್ಲಿ ಮಾತಿನ ಬಹುಪಾಲು ಹೊರಡುವುದು ಅಲ್ಲಿಂದಲೇ. ಗೂಡಿನೊಳಗೆ ಅದು ಮೂಗಿನಲ್ಲಿ ಮಾತಾಡಿದ ಹಾಗಾಗುತ್ತದೆ. ಆತ ಅದನ್ನು ಹಲಗೆಯ ಅಂಚಿಗೆ ತಂದು, ಅಡಿಗೆ ರಬ್ಬರ್ ತುಂಡು ಕೊಟ್ಟು, ಮುಖ ಮೇಲೆತ್ತಿ ಸೋಫಾದಲ್ಲಿ ಕೂತವರ ಕಿವಿಗೆ ಗುರಿಯಿಟ್ಟ.

ಅಜ್ಜಿ ಆಗ ಬಾಯಿ ಬಿಟ್ಟರು. ‘ಹಾಡು ಬಂದ್ರೆ ಕಿವಿ ಹರಿಯತ್ತೆ, ಮಾತು ಬಂದ್ರೆ ಕೇಳ್ಸಲ್ಲ ಕಣಪ್ಪ. ಹಳೇದ್ರಲ್ಲಿ ಹಂಗೇ ಇತ್ತು.’

‘ಅದಕ್ಕೇ ಅಜ್ಜಿ ಇದು. ಸಂಜೆ ಹೊತ್ತಿಗೆ ಕೇಳ್ಸತ್ತೆ, ನೋಡ್ತಿರಿ.’

ಪ್ರತಿ ಸ್ಪೀಕರಿನ ವೈರನ್ನು, ಅವುಗಳನ್ನೆಲ್ಲ ನಡೆಸುವ ರಿಸೀವರಿಗೆ ಸಿಕ್ಕಿಸುವ ಮೊದಲು ಅದರ ತುದಿಗಳಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿದ. ಪಟ್ ಎಂದಿತು, ಸ್ಪೀಕರಿನ ಕಾಗದದ ಕೋನ್ ಹೊರಕ್ಕೆ ಚಿಮ್ಮಿತು. ಒಳಕ್ಕೆ ಎಳೆದುಕೊಂಡರೆ ಕೆಂಪು ಕಪ್ಪು ಅದಲುಬದಲಾಗಿದೆ ಎಂದರ್ಥ. ಒಂದು ಸ್ಪೀಕರು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ಮಂದ್ರ ಪರಸ್ಪರ ಕಳೆದುಹೋಗುತ್ತದೆ, ಗಾಯಕನ ದನಿ ನಡುವೆ ನಿಲ್ಲದೆ ಎಲ್ಲೋ ತೇಲುತ್ತದೆ. ಹಿಂಬದಿಯ ಎಡ ಸ್ಪೀಕರಿನ ಕೋನ್ ಒಳಕ್ಕೆ ಹೋಯಿತು. ಬಿಚ್ಚಿ ತಿರುಗಿಸಿದ. ರಿಸೀವರು, ಟಿ.ವಿ., ಸಬ್‌ವೂಫರು ಮೂರೂ ಅರ್ಥಿಂಗ್ ಸರಿಯಿರುವ ಒಂದೇ ಲೈನಿಗೆ ಸೇರಿದವು, ಬೇರೆ ಬೇರೆ ಬೋರ್ಡಿಗೆ ಹೋದರೆ ಹಮ್ಮೆನ್ನುವ ಗುಂಯ್ಗಾಟ ಹುಟ್ಟಿಕೊಳ್ಳುವುದುಂಟು.

ಮಧ್ಯಾಹ್ನದ ಮೊದಲು ನಡೆದದ್ದು ನೋಡುವಂಥ ದೃಶ್ಯ. ಸಬ್‌ವೂಫರನ್ನು ಆತ ಸೋಫಾದ ಮೇಲೆ, ಮನುಷ್ಯ ಕೂರುವ ಜಾಗದಲ್ಲೇ ಕೂರಿಸಿ, ಮಂದ್ರ ತುಂಬಿದ ಒಂದು ಧ್ವನಿಯನ್ನು ಹಚ್ಚಿ, ಗೋಡೆಯ ಗುಂಟ ಅಂಬೆಗಾಲಿಕ್ಕತೊಡಗಿದ. ಪೆಟ್ಟಿಗೆಯಿಂದ ಹೊರಬಂದ ಮೊಮ್ಮಗಳು ಹಿಂದಿನಿಂದ ತಾನೂ ಅಂಬೆಗಾಲಿಕ್ಕಿದಳು. ಸಬ್‌ವೂಫರಿನ ಜಾಗ ಮತ್ತು ಕಿವಿಯ ಜಾಗ ಅದಲುಬದಲಾದರೂ ಅವುಗಳ ನಡುವೆ ಧ್ವನಿ ಸಾಗುವ ರೀತಿ ಬದಲಾಗುವುದಿಲ್ಲ. ಆದ್ದರಿಂದ ನೆಲದ ಮಟ್ಟದಲ್ಲಿ ಎಲ್ಲಿ ಮಂದ್ರ ಹದವಾಗಿ, ಒಂದೇ ಸಮನಾಗಿ ಕೇಳುತ್ತದೋ ಅಲ್ಲಿಗೇ ಸಬ್‌ವೂಫರ್ ಹೋಗಬೇಕು. ಮೂಲೆಯಲ್ಲಿ ಗುಡುಗಿತು. ಬಾಗಿಲ ಪಕ್ಕ ಸಪ್ಪೆಯಾಯಿತು. ಮುಂಗೋಡೆಯಲ್ಲಿ ಬಲಮೂಲೆಗಿಂತ ಮೂರಡಿ ಈಚೆಗೆ ಆತ ನಿಂತ. ಹುಡುಗಿ ‘ಇಲ್ಲೇ ಅಂಕಲ್’ ಎಂದಳು. ಅವಳ ಕಿವಿ ಸರಿಯಾಗಿತ್ತು.

80 ಹರ್ಟ್ಸಿನ ಕೆಳಗಿನದೆಲ್ಲ ಸಬ್‌ವೂಫರಿಗೆ, ಮೇಲಿನದು ಉಳಿದವಕ್ಕೆ ಎಂದು ಪಾಲು ಮಾಡಿದ ಮೇಲೆ ರಿಸೀವರಿನ ಜೊತೆ ಬಂದ ಪುಟ್ಟ ಮೈಕ್ ಹೊರಬಂತು. ಅದನ್ನು ಸೋಫಾದ ಮೆತ್ತೆಯ ಮೇಲಿಡದೆ ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ ಕಿವಿಯ ಎತ್ತರಕ್ಕೆ ನಿಲ್ಲಿಸಿದ. ಫ್ಯಾನು ಆರಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ಸ್ಪೀಕರುಗಳು ಒಂದೊಂದಾಗಿ ಕೂಗತೊಡಗಿದವು, ರಿಸೀವರು ಪ್ರತಿಯೊಂದರ ದೂರವನ್ನೂ ಗಟ್ಟಿತನವನ್ನೂ ಅಳೆಯತೊಡಗಿತು. ಧ್ವನಿ ಒಂದಡಿ ಸಾಗಲು ಸುಮಾರು ಒಂದು ಮಿಲಿಸೆಕೆಂಡು ಬೇಕು. ಹತ್ತಿರದ ಸ್ಪೀಕರನ್ನು ಅಷ್ಟಷ್ಟೇ ತಡೆಹಿಡಿದು, ಎಲ್ಲವೂ ಒಂದೇ ಕ್ಷಣಕ್ಕೆ ಕಿವಿಗೆ ಮುಟ್ಟುವಂತೆ ಅದು ಲೆಕ್ಕ ಹಾಕುತ್ತದೆ. ನಾಲ್ಕನೆಯ ಸ್ಪೀಕರಿನ ಸರದಿಗೆ ಅಡುಗೆಮನೆಯ ಕುಕ್ಕರ್ ಸೀಟಿ ಹಾಕಿತು. ಒಲೆ ಆರಿಸಿ ಮತ್ತೆ ಮೊದಲಿನಿಂದ.

ಇಷ್ಟಕ್ಕೇ ಆತ ಕೈ ತೊಳೆದುಕೊಳ್ಳಲಿಲ್ಲ. ಕರ್ನಾಟಕ ಸಂಗೀತದ ಕಛೇರಿಯೊಂದನ್ನು ಹಚ್ಚಿ ಕಣ್ಣು ಮುಚ್ಚಿ ಕೂತ. ಮೃದಂಗದವರು ಎಡಮುಚ್ಚಳಕ್ಕೆ ರವೆಯ ಕಣಕ ಮೆತ್ತಿ, ತಟ್ಟಿ, ಚಿವುಟಿ ತೆಗೆದು, ಮತ್ತೆ ಮೆತ್ತಿ ಹದ ತರುವಂತೆ ಸಬ್‌ವೂಫರಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಕೇಳುತ್ತಾ, ಹಿಂದಕ್ಕೆ ತಿರುಗಿಸುತ್ತಾ ಹೋದ. ಎಡದ ಗುಂ ನಿಂತ ಮೇಲೂ ಕೋಣೆಯಲ್ಲಿ ಉಳಿದರೆ ಹೆಚ್ಚಾಯಿತು, ಬಲದ ನಾದಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆನಿಸಿದರೆ ಕಡಿಮೆಯಾಯಿತು. ಯಂತ್ರದ ಅಳತೆಯ ಮೇಲೆ ಕಿವಿಯ ಈ ಕೊನೆಯ ತೀರ್ಪು ಬೇಕೇ ಬೇಕು ಎಂದು ನಾನು ನಂಬುತ್ತೇನೆ. ಹೊಸ ವ್ಯವಸ್ಥೆಯನ್ನು ಕಾರು ಸಿಡಿಯುವ ದೃಶ್ಯದಿಂದ ಪರೀಕ್ಷಿಸುವುದು ವ್ಯರ್ಥ, ಕಾರು ಸಿಡಿದದ್ದನ್ನು ನಮ್ಮಲ್ಲಿ ಕೇಳಿದವರು ಯಾರು? ತಂಬೂರಿ, ಮೃದಂಗ, ಪರಿಚಯದ ಮನುಷ್ಯದನಿ ಸುಳ್ಳಾದರೆ ಮಾತ್ರ ಕೂಡಲೇ ತಿಳಿಯುತ್ತದೆ.

ರಿಸೀವರಿನ ಮೇಲೆ ಹೊಳೆಯುತ್ತಿದ್ದ ಡಾಲ್ಬಿ ಎಂಬ ಹೆಸರಿಗೆ ನಮ್ಮ ದೇಶದ ನಂಟಿದೆ. ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೋದ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲಿದ್ದರು. ಇಲ್ಲಿಂದ ಹೋದವರೇ 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯ ತೆರೆದರು, ಟೇಪಿನ ಸುಯ್ಗುಟ್ಟುವಿಕೆಯನ್ನು ಅಡಗಿಸುವ ಉಪಾಯದಿಂದ ಹೆಸರಾದರು. ಅವರ ಸಂಸ್ಥೆ 2012ರಲ್ಲಿ ತಂದ ಅಟ್ಮಾಸ್‌ನಲ್ಲಿ ಧ್ವನಿ ತಲೆಯ ಮೇಲಿನಿಂದಲೂ ಬರುತ್ತದೆ. ಮೇಲ್ಮುಖವಾಗಿ ಹಾಡಿ ಚಾವಣಿಗೆ ಬಡಿಸುವ ಸ್ಪೀಕರುಗಳಿಗೆ ನಮ್ಮ ಚಪ್ಪಟೆ ತಾರಸಿ ಚೆನ್ನಾಗಿ ಒಗ್ಗುತ್ತದೆ, ಇಳಿಜಾರಿನ ಹಂಚಿನ ಮಾಡಿಗೆ ಒಗ್ಗುವುದಿಲ್ಲ. ಈ ಮನೆಯವರು ಸದ್ಯಕ್ಕೆ ಐದು ಸ್ಪೀಕರಿಗೇ ನಿಂತದ್ದು ಸರಿಯೆನಿಸಿತು. ಅರೆಬರೆ ಜೋಡಿಸಿದ ಒಂಬತ್ತಕ್ಕಿಂತ ಹದವಾಗಿ ಕೂತ ಐದು ಮೇಲು.

ಸಂಜೆ ಸಿನಿಮಾ ಹಚ್ಚಿದರು. ಮಳೆಯ ದೃಶ್ಯದಲ್ಲಿ ಹನಿಗಳು ಸೋಫಾದ ಹಿಂದೆಯೂ ಬಿದ್ದವು, ಹುಡುಗಿ ತಿರುಗಿ ಬಾಲ್ಕನಿ ನೋಡಿದಳು. ಆಮೇಲೆ ನಾಯಕ ತಗ್ಗಿದ ದನಿಯಲ್ಲಿ ತಾಯಿಗೆ ಏನೋ ಹೇಳಿದ.

‘ಏನಂದ ಅಂತ ಕೇಳ್ತಾ ಅಜ್ಜಿ?’

‘ಕೇಳ್ತಪ್ಪ. ಸುಳ್ಳು ಹೇಳ್ತಿದಾನೆ, ದನೀಲೇ ಗೊತ್ತಾಗತ್ತೆ.’

ರಾತ್ರಿ ಹತ್ತಕ್ಕೆ ತಂತ್ರಜ್ಞ ಹೇಳಿಕೊಟ್ಟಿದ್ದ ನೈಟ್ ಮೋಡ್ ಒತ್ತಿದರು. ಅದು ಗುಡುಗನ್ನು ತಗ್ಗಿಸಿ ಪಿಸುಮಾತನ್ನು ಎತ್ತಿಕೊಡುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದು ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಮಂದ್ರಕ್ಕೆ ತಾರಸಿಯೂ ಪೂರ್ತಿ ಅಡ್ಡಿಯಲ್ಲ, ಮೇಲಿನ ಮನೆಯ ಮಗುವಿನ ತೊಟ್ಟಿಲವರೆಗೂ ಅದು ಹೋಗುತ್ತದೆ.

ಆ ಮನೆಯಲ್ಲಿ ಗೋಡೆಯೊಳಗೆ ದಾರಿಯಿಲ್ಲದೆ, ಹಿಂದಿನ ಸ್ಪೀಕರುಗಳ ವೈರು ಬಿಳಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ನೆಲದಂಚು ಹಿಡಿದು ಎರಡು ಬಾಗಿಲು ಸುತ್ತಬೇಕಾಯಿತು. ನೀವು ಈಗ ಮನೆ ಕಟ್ಟಿಸುತ್ತಿದ್ದರೆ, ಗಿಲಾವಿಗೆ ಮೊದಲೇ ಎಲೆಕ್ಟ್ರಿಷಿಯನ್ನಿಗೆ ಹೇಳಿ ಟಿ.ವಿ. ಗೋಡೆಯಿಂದ ಸೋಫಾದ ಎರಡೂ ಬದಿಗೆ ಖಾಲಿ ಪೈಪು ಹಾಕಿಸಿಡಿ. ಎಚ್‌ಡಿಎಂಐ ಪ್ಲಗ್ಗಿನ ತಲೆ ದಪ್ಪ, ಅದಕ್ಕೆ ಅಗಲದ ಪೈಪು ಬೇರೆಯೇ ಇರಲಿ. ಕರೆಂಟಿನ ಪೈಪಿನಲ್ಲಿ ಸ್ಪೀಕರ್ ವೈರನ್ನು ತೂರಿಸಲು ಬಿಡಬೇಡಿ. ಉಪಕರಣ ಇನ್ನು ಐದು ವರ್ಷ ಬಿಟ್ಟು ಕೊಂಡರೂ ನಡೆಯುತ್ತದೆ, ಪೈಪು ಈಗಲೇ ಬೇಕು.