ಜೋಡಿಯಾಟದಲ್ಲಿ ಹೊಸ ಹೊಡೆತದ ಕಲಿಕೆ

ತಾಳವಾಡಿಯ ಬೆಟ್ಟಸೀಮೆಯಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ದೊರೆಯುವ ಆಟದ ಹೊತ್ತು ಅಲ್ಪ. ಕಾಡಂಚಿನ ಊರುಗಳ ಮಕ್ಕಳು ಕತ್ತಲಾಗುವ ಮೊದಲೇ ಮನೆ ಸೇರಬೇಕು. ಅಭ್ಯಾಸಕ್ಕೊಂದು, ಆಟಕ್ಕೊಂದು ಎಂದು ಹೊತ್ತನ್ನು ಹಂಚಿಕೊಳ್ಳಲು ಆಗದವರು ಹೊಸ ಹೊಡೆತವನ್ನು ಗೆಳೆಯರೊಡನೆ ಆಡುತ್ತಲೇ ಕಲಿಯಬೇಕಾಗುತ್ತದೆ.

ಜೋಡಿಯಾಟದಲ್ಲಿ ಇದಕ್ಕೊಂದು ತೊಡಕಿದೆ. ಒಬ್ಬರು ತಪ್ಪಿದರೆ ಇಬ್ಬರೂ ಅಂಕ ಕಳೆದುಕೊಳ್ಳುತ್ತಾರೆ. ಆ ಅಂಜಿಕೆಯಿಂದ ಬಲ್ಲವರು ಜೊತೆಗಾರರ ಚೆಂಡನ್ನೂ ತಾವೇ ಹೊಡೆಯುತ್ತಾರೆ. ಕಲಿಯಬೇಕಾದವರು ಅಂಚಿನಲ್ಲಿ ನಿಂತು ನೋಡುತ್ತಾರೆ.

ಈಗ ನಗರಗಳಲ್ಲಿ ಹರಡುತ್ತಿರುವ ಪಿಕಲ್‌ಬಾಲ್ ಈ ತೊಡಕನ್ನು ಬಿಡಿಸಿಕೊಳ್ಳಲು ತಕ್ಕ ಆಟ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ, ರಜೆಯಲ್ಲಿ ಬೇಸರಗೊಂಡ ಮನೆಯವರಿಗಾಗಿ ಹಿರಿಯರು ಕೈಗೆ ಸಿಕ್ಕ ವಸ್ತುಗಳಿಂದಲೇ ಇದನ್ನು ರೂಪಿಸಿದರು. ಇದರ ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಜೋಡಿಯಾಟದ ಅಂಕಣದ ಅಳತೆಯೇ. ಬಲೆಯ ಎತ್ತರ ಬದಿಗಳಲ್ಲಿ 36 ಅಂಗುಲ, ನಡುವೆ 34 ಅಂಗುಲ. ಬಲೆಯಿಂದ 7 ಅಡಿಯೊಳಗೆ ನಿಂತು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೀಗಾಗಿ ಬರಿಯ ಬಲ ಸಾಲದು. ಚೆಂಡನ್ನು ಮೆಲ್ಲನೆ ಬಲೆ ದಾಟಿಸಿ ಆ 7 ಅಡಿಯೊಳಗೆ ಇಳಿಸಬಲ್ಲ ಡ್ರಾಪ್ ಹೊಡೆತ ಬೇಕು.

ಅದಕ್ಕೆ ಹಿಡಿತ ಸಡಿಲವಾಗಿರಬೇಕು, ಮೊಣಕಾಲು ತುಸು ಬಾಗಿರಬೇಕು. ಚೆಂಡು ದೇಹದ ಮುಂದಿರುವಾಗಲೇ, ಮಣಿಕಟ್ಟನ್ನು ಕುಲುಕದೆ, ಭುಜದಿಂದ ಮೇಲೆತ್ತಬೇಕು.

ಆಟಕ್ಕೆ ಮೊದಲು ಜೊತೆಗಾರರೊಡನೆ ಒಂದು ಮಾತಾಗಲಿ: "ಅಕ್ಕ, ಇವತ್ತು ನಾನು ಮೆತ್ತಗೆ ಹೊಡೆಯೋದನ್ನ ಕಲೀತೀನಿ. ತಪ್ಪಿದ್ರೆ ಬೈಬೇಡ." ದಿನಕ್ಕೆ ಒಂದೇ ಹೊಡೆತ ಸಾಕು. 11 ಅಂಕಗಳ ಮೊದಲ ಆಟ ಕಲಿಕೆಗೆ, ಎರಡನೆಯದು ಗೆಲುವಿಗೆ ಎಂದು ಎದುರಾಳಿಗಳಿಗೂ ತಿಳಿಸಿದರೆ ಅವರು ಬೇಕಾದ ಕಡೆಗೆ ಚೆಂಡು ಕಳುಹಿಸುತ್ತಾರೆ. ಹತ್ತು ಪ್ರಯತ್ನಗಳಲ್ಲಿ ಎಷ್ಟು ಸರಿಯಾದವು ಎಂಬುದನ್ನು ಜೊತೆಗಾರರು ಎಣಿಸಲಿ. "ಬಲೆಗೆ ಬಿತ್ತು", "ಎತ್ತರವಾಯಿತು" ಎಂದಷ್ಟೇ ಹೇಳಲಿ. ಪಿಕಲ್‌ಬಾಲ್ ಸಲಕರಣೆ ಇಲ್ಲದ ಶಾಲೆಯಲ್ಲಿ ಶಟಲ್‌ನ ಡ್ರಾಪ್ ಹೊಡೆತಕ್ಕೂ ಇದೇ ಕ್ರಮ ಸಲ್ಲುತ್ತದೆ. ಜೋಡಿಗಳನ್ನು ಆಗಾಗ ಬದಲಿಸಿದರೆ ಬಲ್ಲವರ ಪಕ್ಕ ನಿಲ್ಲುವ ಅವಕಾಶ ಎಲ್ಲರಿಗೂ ಸಿಗುತ್ತದೆ.

2011ರಲ್ಲಿ ಲಂಡನ್ನಿನ ವಿಶ್ವ ಬ್ಯಾಡ್ಮಿಂಟನ್ ಸ್ಪರ್ಧೆಯ ಮಹಿಳಾ ಜೋಡಿಯಾಟದಲ್ಲಿ ಕರ್ನಾಟಕದ ಅಶ್ವಿನಿ ಪೊನ್ನಪ್ಪ ಮತ್ತು ಹೈದರಾಬಾದಿನ ಜ್ವಾಲಾ ಗುಟ್ಟಾ ಕಂಚು ಗೆದ್ದರು. ಬೇರೆ ಬೇರೆ ಊರಿನ ಇಬ್ಬರ ನಡುವಿನ ಅಂಥ ಹೊಂದಾಣಿಕೆ ಸ್ಪರ್ಧೆಯ ದಿನ ಒಮ್ಮೆಗೇ ಹುಟ್ಟುವಂಥದ್ದಲ್ಲ.

ಮನೆಗೆ ಬಂದ ಮಗು "ಸೋತೆವು, ಆದರೆ ಹತ್ತರಲ್ಲಿ ಮೂರು ಸರಿಯಾಗಿ ಬಿತ್ತು" ಎಂದರೆ ತಂದೆತಾಯಿ ಆ ಮೂರನ್ನು ಕುರಿತು ಕೇಳಲಿ. ಅಂಚಿನಲ್ಲಿ ನಿಂತಿದ್ದ ಮಗು ಅಂಕಣದೊಳಗೆ ಬಂದಿದೆ ಎಂಬುದಕ್ಕೆ ಆ ಲೆಕ್ಕವೇ ಸಾಕ್ಷಿ.