ನಿಮಗಿದು ಗೊತ್ತೇ? ಜಾಮೀನು ನಿಂತ ಸಾಲ ನಿಮ್ಮ ಸಿಬಿಲ್‌ನಲ್ಲೂ ಇರುತ್ತದೆ

ನಿಮ್ಮ ಸಂಬಳ ಎಷ್ಟು, ಎಫ್‌ಡಿಯಲ್ಲಿ ಎಷ್ಟಿದೆ, ಊರಲ್ಲಿ ಎಷ್ಟು ಎಕರೆ ತೋಟ ಇದೆ ಎಂಬುದು ಸಿಬಿಲ್ ಸ್ಕೋರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ನೋಡುವುದು ಸಾಲವನ್ನು ಮಾತ್ರ: ಎಷ್ಟು ತೆಗೆದುಕೊಂಡಿರಿ, ಹೇಗೆ ತೀರಿಸಿದಿರಿ. ಲಕ್ಷ ಸಂಬಳದವರ ಸ್ಕೋರ್ 600ರ ಕೆಳಗಿದ್ದು, ಹೊಲಿಗೆ ಯಂತ್ರದ ಸಾಲ ತಪ್ಪದೆ ಕಟ್ಟಿದ ಹೆಣ್ಣುಮಗಳ ಸ್ಕೋರ್ 780 ಇರಬಹುದು. ಕೆಳಗಿನ ಮಿತಿ 300, ಮೇಲಿನದು 900.

ಸಿಬಿಲ್ ಒಂದೇ ಅಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಸೇರಿ ಸಾಲದ ದಾಖಲೆ ಇಡಲು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಕಂಪನಿಗಳು ನಾಲ್ಕು. ನಾಲ್ಕೂ ಕಡೆ ನಿಮ್ಮ ಹೆಸರಿನ ದಾಖಲೆ ಬೇರೆ ಬೇರೆ ಇರುತ್ತದೆ.

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. 2017ರಿಂದ ಇರುವ ನಿಯಮ ಇದು. ಪದೇ ಪದೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಹೆದರಿಕೆ ಬೇಡ. ನಿಮ್ಮ ವರದಿಯನ್ನು ನೀವೇ ನೋಡಿದರೆ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಒಂದೇ ತಿಂಗಳಲ್ಲಿ ನಾಲ್ಕೈದು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದಾಗ ಇಳಿಯಬಹುದು, ಏಕೆಂದರೆ ಆಗ ವಿಚಾರಿಸುವವರು ಬ್ಯಾಂಕಿನವರು.

ಈಗ ಜಾಮೀನಿನ ವಿಷಯ. ಭಾವನ ಮನೆ ಸಾಲಕ್ಕೋ ಪಕ್ಕದ ಹೊಲದವರ ಟ್ರ್ಯಾಕ್ಟರ್ ಸಾಲಕ್ಕೋ ‘ಬರೀ ಒಂದು ರುಜು ತಾನೆ’ ಎಂದು ಹಾಕಿಬಿಡುತ್ತೇವೆ. ಆ ಸಾಲ ‘ಜಾಮೀನುದಾರ’ ಎಂಬ ಗುರುತಿನೊಂದಿಗೆ ನಿಮ್ಮ ವರದಿಗೂ ಬರುತ್ತದೆ. ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮ್ಮ ಸ್ಕೋರಿಗೂ ಬೀಳುತ್ತದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ‘ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಂಟಸ್ತಿಕೆಯಲ್ಲಿ ಇಲ್ಲ ಎನ್ನುವುದು ಕಷ್ಟ, ಒಪ್ಪುತ್ತೇನೆ. ಆದರೆ ರುಜು ಹಾಕಿದ ಮೇಲೆ ಮೂರು ತಿಂಗಳಿಗೊಮ್ಮೆಯಾದರೂ ‘ಕಂತು ಕಟ್ಟಿದ ರಸೀದಿ ತೋರಿಸಿ’ ಎಂದು ಕೇಳುವುದರಲ್ಲಿ ಸಂಕೋಚ ಪಡಬೇಕಾದ್ದು ಏನೂ ಇಲ್ಲ. ಮಗಳ ಮದುವೆಗೋ ಮಗನ ಓದಿಗೋ ನೀವು ಸಾಲಕ್ಕೆ ಹೋದಾಗ ಮ್ಯಾನೇಜರು ನೋಡುವುದು ಇದೇ ವರದಿಯನ್ನು.

ಗಂಡ ಹೆಂಡತಿಯ ಸ್ಕೋರ್ ಮದುವೆಯಿಂದ ಒಂದಾಗುವುದಿಲ್ಲ. ಜಂಟಿ ಸಾಲ ಮಾತ್ರ ಇಬ್ಬರ ವರದಿಯಲ್ಲೂ ಇರುತ್ತದೆ.

ಸಿಬಿಲ್ ವರದಿಯಲ್ಲಿ ‘ಡಿಪಿಡಿ’ ಎಂಬ ಸಾಲನ್ನು ಹುಡುಕಿ. ಕಂತು ಎಷ್ಟು ದಿನ ತಡವಾಯಿತು ಎಂಬುದು 36 ತಿಂಗಳವರೆಗೆ ತಿಂಗಳುವಾರು ಅಲ್ಲಿರುತ್ತದೆ. ‘000’ ಇದ್ದರೆ ಬಾಕಿ ಇಲ್ಲ. ‘030’ ಇದ್ದರೆ ಮೂವತ್ತು ದಿನ ತಡ.

ಕ್ರೆಡಿಟ್ ಕಾರ್ಡಿನ ಗಡುವು ಒಂದು ದಿನ ದಾಟಿತೆಂದು ಗಾಬರಿಯಾಗಬೇಡಿ. ಬಾಕಿ ಮೂರು ದಿನ ಮೀರಿದ ನಂತರವೇ ಅದನ್ನು ‘ಗಡುವು ಮೀರಿದ್ದು’ ಎಂದು ವರದಿ ಮಾಡಬೇಕು, ತಡದ ದಂಡವನ್ನೂ ಆಮೇಲೆಯೇ ಹಾಕಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ಹಾಗೆಂದು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದರೆ ಸುಸ್ತಿದಾರ ಎನಿಸಿಕೊಳ್ಳದಿದ್ದರೂ ಬಡ್ಡಿ ಬೆಳೆಯುತ್ತದೆ, ಬಾಕಿ ಉಳಿಯುತ್ತದೆ. ಮಿತಿಯ ಶೇ 30ರೊಳಗೆ ಬಳಸಿ ಎಂಬುದು ಬಲ್ಲವರ ಸಲಹೆ.

‘ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ’ ಎಂಬ ಕರೆ ಬಂತೆ? ಒಪ್ಪಿಕೊಳ್ಳುವ ಮುಂಚೆ ಇದನ್ನು ತಿಳಿದಿರಿ. ಪೂರ್ತಿ ಕಟ್ಟಿದ ಸಾಲ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುತ್ತದೆ, ರಿಯಾಯಿತಿಯಲ್ಲಿ ಮುಗಿಸಿದ್ದು ‘ಸೆಟಲ್ಡ್’ ಎಂದು. ಎರಡನೆಯದನ್ನು ಕಂಡ ಬ್ಯಾಂಕು ಹಿಂದೆ ಯಾರೋ ನಷ್ಟ ಮಾಡಿಕೊಂಡಿದ್ದಾರೆ ಎಂದೇ ಓದುತ್ತದೆ. ಬೇರೆ ದಾರಿಯೇ ಇಲ್ಲದಾಗ ಸೆಟಲ್‌ಮೆಂಟ್ ತಪ್ಪಲ್ಲ. ಕೈಯಲ್ಲಿ ಶಕ್ತಿ ಇರುವಾಗ ನಾಲ್ಕು ಕಾಸಿನ ಆಸೆಗೆ ಬೀಳಬೇಡಿ. ಹೇಗೇ ಮುಗಿಸಿದರೂ ಬೇಬಾಕಿ ಪತ್ರ ಪಡೆಯದೆ ಏಳಬೇಡಿ.

ಬೆಳೆ ಸಾಲ ಬಿಟ್ಟು ಬೇರೆ ಸಾಲಗಳು 90 ದಿನ ಮೀರಿ ಬಾಕಿಯಾದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತವೆ. ಅಲ್ಪಾವಧಿ ಬೆಳೆಯ ಸಾಲಕ್ಕೆ ಎರಡು ಹಂಗಾಮಿನ ಅವಕಾಶವಿದೆ.

ಈವರೆಗೆ ಸಾಲವನ್ನೇ ಮಾಡದವರಿಗೆ ಸ್ಕೋರ್ ಇರುವುದಿಲ್ಲ. ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂಬ ಮಾತನ್ನು ಹಣಕಾಸು ಸಚಿವಾಲಯ 2025ರಲ್ಲಿ ಸ್ಪಷ್ಟಪಡಿಸಿದೆ.

ಬ್ಯಾಂಕ್ ನೌಕರಿಗೆ ಓದುತ್ತಿರುವವರೇ, ಸಾಲ ಅಥವಾ ಕಾರ್ಡಿನ ಹಣ ಸುಸ್ತಿಯಾದ ದಾಖಲೆ ಇದ್ದವರು ನೇಮಕಕ್ಕೆ ಅರ್ಹರಲ್ಲ ಎಂಬ ಷರತ್ತು ಸ್ಟೇಟ್ ಬ್ಯಾಂಕಿನ ಅಧಿಸೂಚನೆಗಳಲ್ಲಿದೆ.

ಹಣ ಕೊಟ್ಟರೆ ಸಿಬಿಲ್ ಸರಿ ಮಾಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ನಿಜವಾಗಿ ತಪ್ಪಿದ ಕಂತನ್ನು ಅಳಿಸುವುದು ಅವರ ಕೈಯಲ್ಲಿಲ್ಲ. ಸುಳ್ಳು ದಾಖಲೆಯನ್ನು ತಿದ್ದಿಸಲು ಅವರು ಬೇಕಾಗಿಯೂ ಇಲ್ಲ. ನೀವು ಮಾಡದ ಸಾಲ ನಿಮ್ಮ ಪ್ಯಾನ್ ಸಂಖ್ಯೆಯಲ್ಲಿ ಕಂಡರೆ, ತೀರಿದ ಸಾಲ ಇನ್ನೂ ಬಾಕಿ ಎಂದು ತೋರಿಸಿದರೆ, ಆ ವರದಿ ಕೊಟ್ಟ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ದೂರು ಬರೆಯಿರಿ, ಖರ್ಚಿಲ್ಲ. 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಎಷ್ಟೋ ಜನ ಕೇಳದೇ ಬಿಟ್ಟುಬಿಡುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ದಾರಿ ತಿಳಿಯಲು 14448ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮೊದಲ ದೂರಿನ ದಿನಾಂಕ ಮತ್ತು ಸಂಖ್ಯೆ ನಿಮ್ಮ ಬಳಿ ಇರಲಿ, ಅವರು ಮೊದಲು ಕೇಳುವುದು ಅದನ್ನೇ.